ಅರಗಿನ ಮುದ್ರೆಗೆ ಎಷ್ಟು ಬೆಲೆ?

ಕೊಕಟನೂರ ಎಂದರೆ ಅಥಣಿ ಸೀಮೆಯವರಿಗೆ ಮೊದಲು ನೆನಪಾಗುವುದು ಯಲ್ಲಮ್ಮನ ಜಾತ್ರೆ. ಈಚಿನ ವರ್ಷಗಳಲ್ಲಿ ಅಲ್ಲಿನ ಪಶುವೈದ್ಯಕೀಯ ಕಾಲೇಜು. ಹಳೆಯ ನಾಣ್ಯ, ಅಂಚೆಚೀಟಿ, ದಸ್ತಾವೇಜು ಕೂಡಿಸುವವರಿಗೆ ಈ ಭಾಗ ಬೇರೆಯೇ ಕಾರಣಕ್ಕೆ ಮುಖ್ಯ. ಪೂರ್ವಕ್ಕೆ ಆದಿಲಶಾಹಿಗಳ ವಿಜಯಪುರ, ಪಶ್ಚಿಮಕ್ಕೆ ಕೊಲ್ಹಾಪುರ, ಆಸುಪಾಸಿನಲ್ಲಿ ಮಿರಜ, ಸಾಂಗಲಿ, ಕುರುಂದವಾಡ, ಜಮಖಂಡಿ, ಮುಧೋಳದ ಸಂಸ್ಥಾನಗಳು. ಇಷ್ಟು ಆಳ್ವಿಕೆಗಳ ನಡುವೆ ಸಿಕ್ಕ ನೆಲದಲ್ಲಿ ಹಲವು ಬಗೆಯ ದುಡ್ಡು, ಹಲವು ಬಗೆಯ ಮುದ್ರೆ ಓಡಾಡಿವೆ. ಅಜ್ಜನ ಕಾಲದ ಟ್ರಂಕಿನ ತಳದಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಇರಬಹುದು, ಸಂಸ್ಥಾನದ ಕೋರ್ಟ್ ಫೀ ಸ್ಟಾಂಪು ಹಚ್ಚಿದ ಕಾಗದ ಇರಬಹುದು, ಅಪರೂಪಕ್ಕೆ ಬೆಳ್ಳಿಯ ತಂತಿಯನ್ನು ನಡುವೆ ಮಡಚಿ ಮುದ್ರೆ ಒತ್ತಿದ ಆದಿಲಶಾಹಿ ಲಾರಿ ನಾಣ್ಯವೂ ಇರಬಹುದು.

ಇವನ್ನು ಬೆಲೆ ಕೊಟ್ಟು ಕೊಳ್ಳುವವರು ಊರಲ್ಲಿ ಸಿಗುವುದು ಕಡಿಮೆ. ನಾಣ್ಯಗಳ ಹರಾಜು ನಡೆಯುವುದು ಬೆಂಗಳೂರು, ಮುಂಬೈ, ಅಹಮದಾಬಾದ್‌ಗಳಲ್ಲಿ. ಅಂದಮೇಲೆ ವಸ್ತು ಪ್ರಯಾಣ ಮಾಡಲೇಬೇಕು. ಚಿಕ್ಕೋಡಿಯಲ್ಲಾಗಲಿ, ನಿಪ್ಪಾಣಿಯಲ್ಲಾಗಲಿ, ರಾಯಬಾಗದಲ್ಲಾಗಲಿ ಅಂಚೆ ಕಚೇರಿಯ ಕೌಂಟರಿನ ಮುಂದೆ ನಿಂತಾಗ ಒಳಗಿನಿಂದ ಬರುವ ಪ್ರಶ್ನೆ ಒಂದೇ: “ಇನ್ಶೂರ್ ಮಾಡಸ್ತೀರೇನ್ರಿ?” ಬಹಳಷ್ಟು ಜನ ಶುಲ್ಕ ಎಷ್ಟೆಂದು ಕೇಳಿ, ಮನಸ್ಸಿನಲ್ಲೇ ಲೆಕ್ಕ ಹಾಕಿ, “ಬ್ಯಾಡ್ರಿ” ಎಂದುಬಿಡುತ್ತಾರೆ. ಆ ಉತ್ತರ ಕೆಲವೊಮ್ಮೆ ಸರಿ. ಕೆಲವೊಮ್ಮೆ ಅದು ಒಂದು ಕುಟುಂಬದ ಅತಿ ದೊಡ್ಡ ನಷ್ಟಕ್ಕೆ ದಾರಿ.

ವಿಮೆ ಇಲ್ಲದೆ ಕಳಿಸಿದ ವಸ್ತು ಕಳೆದುಹೋದರೆ ಏನು ಸಿಗುತ್ತದೆ ಎಂಬಲ್ಲಿಂದಲೇ ವಿಚಾರ ಶುರುವಾಗಬೇಕು. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 6ನೇ ಕಲಮು ಅಂಚೆಯಲ್ಲಿ ವಸ್ತು ಕಳೆದರೆ, ತಪ್ಪು ವಿಳಾಸಕ್ಕೆ ಹೋದರೆ, ತಡವಾದರೆ, ಕೆಟ್ಟರೆ ಸರ್ಕಾರಕ್ಕೆ ಹೊಣೆಯಿಲ್ಲ ಎಂದು ಹೇಳಿತ್ತು. ಸರ್ಕಾರ ತಾನಾಗಿ ಸ್ಪಷ್ಟ ಮಾತಿನಲ್ಲಿ ಒಪ್ಪಿಕೊಂಡ ಹೊಣೆ ಮಾತ್ರ ಇದಕ್ಕೆ ಹೊರತು. ಆ ಕಾಯ್ದೆ ಹೋಗಿ 2023ರ ಅಂಚೆ ಕಚೇರಿ ಕಾಯ್ದೆ ಬಂತು, 2024ರ ಜೂನ್ 18ರಿಂದ ಜಾರಿಯಲ್ಲಿದೆ. ಅದರ 10ನೇ ಕಲಮು ಹೇಳುವುದೂ ಹೆಚ್ಚುಕಡಿಮೆ ಅದನ್ನೇ: ನಿಯಮಗಳಲ್ಲಿ ಗೊತ್ತುಪಡಿಸಿದಷ್ಟು ಹೊಣೆ ಬಿಟ್ಟರೆ ಬೇರೆ ಇಲ್ಲ. ಸಿಬ್ಬಂದಿಯೊಬ್ಬರು ಮೋಸದಿಂದ ಅಥವಾ ಬೇಕೆಂದೇ ನಷ್ಟ ಮಾಡಿದ್ದರೆ ಅವರು ವೈಯಕ್ತಿಕವಾಗಿ ಹೊಣೆಗಾರರು. ಆದರೆ ಅದನ್ನು ಸಾಬೀತುಪಡಿಸುವ ಭಾರ ಕಳೆದುಕೊಂಡವರ ತಲೆಯ ಮೇಲೆ. ಅಂಚೆ ಕಚೇರಿಯನ್ನು ಸಾಮಾನು ಸಾಗಿಸುವ ಸಾಮಾನ್ಯ ಸಾಗಣೆದಾರನಂತೆ ನೋಡಲಾಗದು, ಅದು ಕಾಯ್ದೆಯಿಂದ ಹುಟ್ಟಿದ ಸೇವೆ ಎಂದು ಸುಪ್ರೀಂ ಕೋರ್ಟ್ ಮೊಹಮ್ಮದ್ ನಾಜಿಂ ಪ್ರಕರಣದಲ್ಲಿ 1979ರಲ್ಲೇ ಹೇಳಿದೆ.

ಹಾಗಾದರೆ ಒಪ್ಪಿಕೊಂಡ ಹೊಣೆ ಎಷ್ಟು? ರಿಜಿಸ್ಟರ್ಡ್ ಪೋಸ್ಟ್ ಪ್ರತ್ಯೇಕ ಸೇವೆಯಾಗಿದ್ದ ಕಾಲದಲ್ಲಿ ಕಳೆದುಹೋದ ಲಕೋಟೆಗೆ ಸಿಗುತ್ತಿದ್ದುದು ಹೆಚ್ಚೆಂದರೆ 100 ರೂಪಾಯಿ. ಸ್ಪೀಡ್ ಪೋಸ್ಟ್ ವಿಷಯದಲ್ಲಿ ಬಹುಕಾಲದಿಂದ ಇರುವ ಸೂತ್ರ, ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. 2025ರ ಅಕ್ಟೋಬರ್ 1ರಿಂದ ಜಾರಿಯಾದ ದರದಂತೆ 50 ಗ್ರಾಂವರೆಗಿನ ಲಕೋಟೆಯನ್ನು ಹೊರ ಊರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಲು 47 ರೂಪಾಯಿ, ತೆರಿಗೆ ಬೇರೆ. ಎರಡು ಪಟ್ಟು ಎಂದರೆ 94 ರೂಪಾಯಿ. ಲಕೋಟೆಯೊಳಗೆ 40,000 ರೂಪಾಯಿಯ ಅಂಚೆಚೀಟಿ ಇದ್ದರೂ ಅಷ್ಟೇ, ಮದುವೆಯ ಲಗ್ನಪತ್ರಿಕೆ ಇದ್ದರೂ ಅಷ್ಟೇ.

ಇಲ್ಲಿ ಜನರಲ್ಲಿ ಬೇರೂರಿದ ಒಂದು ನಂಬಿಕೆಯನ್ನು ಪ್ರಶ್ನಿಸಬೇಕು. “ರಿಜಿಸ್ಟರ್ ಮಾಡಿಸಿದ್ದೇವೆ, ಇನ್ನೇನು ಭಯ” ಎಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ರಿಜಿಸ್ಟ್ರಿ ಕೊಡುವುದು ದಾಖಲೆ: ಇಂಥ ದಿನ ಕಳಿಸಿದರು, ಇಂಥವರು ಸಹಿ ಮಾಡಿ ತೆಗೆದುಕೊಂಡರು ಎಂಬುದಕ್ಕೆ ಪುರಾವೆ. ಬೆಲೆಯ ಹೊಣೆಯನ್ನು ಅದು ಹೊರುವುದಿಲ್ಲ. ಈಗ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ; 5 ರೂಪಾಯಿ ಮತ್ತು ತೆರಿಗೆ ಹೆಚ್ಚಿಗೆ ಕೊಟ್ಟರೆ ವಿಳಾಸದಾರರಿಗೆ ಅಥವಾ ಅವರು ಅಧಿಕಾರ ಕೊಟ್ಟವರಿಗೇ ತಲುಪಿಸುವ ‘ರಿಜಿಸ್ಟ್ರೇಷನ್’, ಅಷ್ಟೇ ಕೊಟ್ಟರೆ ಒಟಿಪಿ ಹೇಳಿದ ಮೇಲೆ ಮಾತ್ರ ಕೊಡುವ ಸೌಲಭ್ಯ. ಎರಡೂ ಒಳ್ಳೆಯವು, ಎರಡನ್ನೂ ತೆಗೆದುಕೊಳ್ಳಬೇಕು. ಆದರೆ ಎರಡೂ ವಿಮೆಯಲ್ಲ.

ಭಾರತದ ಅಂಚೆಯಲ್ಲಿ ವಿಮೆ ಹೊಸದೇನೂ ಅಲ್ಲ. ವಸ್ತು ತಲುಪಿಸಿ ಅದರ ಹಣ ವಸೂಲು ಮಾಡಿಕೊಡುವ ವಿ.ಪಿ. ಸೇವೆಯೂ ವಿಮೆಯೂ 1870ರ ದಶಕದ ಕೊನೆಗೆ ಒಂದರ ಬೆನ್ನಿಗೆ ಒಂದು ಬಂದವು. 1880ರಲ್ಲಿ ಮನಿ ಆರ್ಡರ್ ಬಂತು. ವಿಮೆಯ ಶುಲ್ಕ ಲೆಕ್ಕ ಹಾಕುವ ರೀತಿ ಸರಳ. ವರ್ಷಗಳಿಂದ ನಡೆದುಬಂದ ದರದಂತೆ ಮೊದಲ 200 ರೂಪಾಯಿಗೆ 10 ರೂಪಾಯಿ, ಆಮೇಲೆ ಪ್ರತಿ 100 ರೂಪಾಯಿಗೆ 6 ರೂಪಾಯಿ. 5,000 ರೂಪಾಯಿ ಬೆಲೆಯ ನಾಣ್ಯಕ್ಕೆ 298 ರೂಪಾಯಿ ಆಯಿತು. 40,000ಕ್ಕೆ 2,398. ಒಂದು ಲಕ್ಷಕ್ಕೆ 5,998. ಒಂದು ಲಕ್ಷವೇ ಮಿತಿ, ಅದರಾಚೆಗೆ ಅಂಚೆ ವಿಮೆ ಇಲ್ಲ. ಹಳ್ಳಿಗಳ ಶಾಖಾ ಅಂಚೆ ಕಚೇರಿಗಳಿಗೆ ನಿಗದಿಯಾಗಿ ಬಂದ ಮಿತಿಯಂತೂ ಬರೀ 600 ರೂಪಾಯಿ. ಅಂದರೆ ಅಥಣಿ, ಕಾಗವಾಡ ತಾಲೂಕುಗಳ ಸಣ್ಣ ಊರಿನವರು ಬೆಲೆಯುಳ್ಳ ವಸ್ತುವನ್ನು ವಿಮೆ ಮಾಡಿಸಬೇಕಾದರೆ ತಮ್ಮೂರಿನ ಶಾಖೆಯನ್ನು ಬಿಟ್ಟು ಪಟ್ಟಣದ ದೊಡ್ಡ ಕಚೇರಿಗೆ ಬರಬೇಕು. ಬಸ್ಸಿನ ಖರ್ಚು, ಹೋದ ಅರ್ಧ ದಿನ ಎರಡೂ ಶುಲ್ಕಕ್ಕೆ ಕೂಡುತ್ತವೆ. ಹಳ್ಳಿಯವರು ವಿಮೆಯನ್ನು ಕೈಬಿಡುವುದಕ್ಕೆ ಜಿಪುಣತನಕ್ಕಿಂತ ಈ ಮಿತಿ ದೊಡ್ಡ ಕಾರಣ. 600ರ ಈ ಗೆರೆಯನ್ನು ಇಂದಿನ ಬೆಲೆಗಳಿಗೆ ತಕ್ಕಂತೆ ಮೇಲೇರಿಸಬೇಕಾದದ್ದು ನ್ಯಾಯ.

ನೂರಕ್ಕೆ ಆರು ಎಂಬ ದರ ಹೆಚ್ಚೋ ಕಡಿಮೆಯೋ ಎಂದು ಅರಿಯಲು ಒಂದು ಪ್ರಸಿದ್ಧ ಪಾರ್ಸಲ್ಲಿನ ಕತೆ ನೆರವಾಗುತ್ತದೆ. ಅಥಣಿ ತಾಲೂಕನ್ನು ಹಾದುಹೋಗುವ ಕೃಷ್ಣೆಯೇ ನೂರಾರು ಕಿಲೋಮೀಟರ್ ಕೆಳಗೆ ಈಗಿನ ಆಂಧ್ರದಲ್ಲಿ ಕೊಲ್ಲೂರಿನ ಪಕ್ಕ ಹರಿಯುತ್ತಾಳೆ. ಅಲ್ಲಿಯ ಗಣಿಯದು ಎಂದು ನಂಬಲಾದ ನೀಲಿ ವಜ್ರವೊಂದನ್ನು ಫ್ರಾನ್ಸಿನ ವ್ಯಾಪಾರಿ ತವರ್ನಿಯೆ 17ನೇ ಶತಮಾನದಲ್ಲಿ ಕೊಂಡೊಯ್ದ. ಕೈಯಿಂದ ಕೈಗೆ ಹೋಗಿ, ರೂಪ ಬದಲಿಸಿ, ‘ಹೋಪ್ ವಜ್ರ’ ಎಂದು ಹೆಸರಾದ ಅದು ಕೊನೆಗೆ ನ್ಯೂಯಾರ್ಕಿನ ಆಭರಣ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ಬಳಿ ಬಂತು. 1958ರ ನವೆಂಬರಿನಲ್ಲಿ ಅವರು ಅದನ್ನು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ದಾನ ಕೊಟ್ಟರು. ಕಳಿಸಿದ್ದು ಕಾವಲುಗಾರರ ಕೈಯಲ್ಲಲ್ಲ. ಕಂದು ಕಾಗದ ಸುತ್ತಿ ರಿಜಿಸ್ಟರ್ಡ್ ಅಂಚೆಯಲ್ಲಿ. ಖರ್ಚಾದದ್ದು 145 ಡಾಲರ್ 29 ಸೆಂಟ್. ಅದರಲ್ಲಿ ಅಂಚೆಯ ವೆಚ್ಚ 2 ಡಾಲರ್ 44 ಸೆಂಟ್ ಮಾತ್ರ, ಉಳಿದ 142 ಡಾಲರ್ 85 ಸೆಂಟ್ ಹತ್ತು ಲಕ್ಷ ಡಾಲರಿನ ವಿಮೆಗೆ. ಜೇಮ್ಸ್ ಟಾಡ್ ಎಂಬ ಪೋಸ್ಟ್‌ಮ್ಯಾನ್ ಅದನ್ನು ತಲುಪಿಸಿದರು. ಪಾರ್ಸಲ್ಲಿಗೆ ಸುತ್ತಿದ ಕಾಗದ ಈಗ ಅಲ್ಲಿನ ಅಂಚೆ ವಸ್ತುಸಂಗ್ರಹಾಲಯದ ಸ್ವತ್ತು.

ಅಲ್ಲಿ ವಿಮೆಯ ದರ 10,000ಕ್ಕೆ ಸುಮಾರು ಒಂದೂವರೆಯಷ್ಟು ಬಿತ್ತು. ನಮ್ಮ ಅಂಚೆಯಲ್ಲಿ 10,000ಕ್ಕೆ ಬೀಳುವುದು 598. ಎರಡು ದೇಶ, ಎರಡು ಕಾಲ, ನೇರ ಹೋಲಿಕೆ ಪೂರ್ತಿ ಸಲ್ಲದು. ಆದರೂ ನೂರಕ್ಕೆ ಆರರ ದರ ಭಾರವೇ. ಕಳಿಸಿದ ನೂರು ಪಾರ್ಸಲ್ಲುಗಳಲ್ಲಿ ಆರು ಕಾಣೆಯಾಗುವಂತಿದ್ದರೆ ಮಾತ್ರ ಈ ಶುಲ್ಕ ಲೆಕ್ಕಕ್ಕೆ ಸರಿಹೊಂದೀತು, ಮತ್ತು ಹಾಗೆ ಕಾಣೆಯಾಗುವ ಅಂಚೆಯನ್ನು ಯಾರೂ ಬಳಸಲಾರರು.

ಹಾಗೆಂದು ವಿಮೆ ಬೇಡವೆಂದು ತೀರ್ಮಾನಿಸಿದರೆ ಅದು ಅರ್ಧ ಲೆಕ್ಕ. ವರ್ಷಕ್ಕೆ ನೂರಾರು ಲಕೋಟೆ ಕಳಿಸುವ ವ್ಯಾಪಾರಿಗೆ ಸರಾಸರಿ ಎಂಬುದು ಕೆಲಸಕ್ಕೆ ಬರುತ್ತದೆ. ಪ್ರತಿ ಲಕೋಟೆಗೆ ಕಟ್ಟಬೇಕಾದ ಶುಲ್ಕದಲ್ಲಿ ಒಂದಿಷ್ಟನ್ನು ತಾನೇ ತೆಗೆದಿಟ್ಟರೆ, ಎಂದಾದರೊಮ್ಮೆ ಒಂದು ಕಳೆದರೂ ಆ ಗಂಟಿನಿಂದ ತುಂಬಿಕೊಳ್ಳಬಹುದು. ಅವನಿಗೆ ಅವನೇ ವಿಮಾ ಕಂಪನಿ. ನಿಪ್ಪಾಣಿಯ ತಂಬಾಕಿನ ಹೊಲದಲ್ಲೋ ಉಗಾರದ ಕಬ್ಬಿನ ಗದ್ದೆಯಲ್ಲೋ ದುಡಿಯುವ ಮನೆತನ ಮಗಳ ಓದಿಗೆಂದು ಅಜ್ಜನ 40,000 ರೂಪಾಯಿಯ ಒಂದೇ ಒಂದು ನಾಣ್ಯ ಮಾರುತ್ತಿದ್ದರೆ, ಅವರ ಪಾಲಿಗೆ ಸರಾಸರಿ ಎಂಬುದೇ ಇಲ್ಲ. ತಲುಪಿದರೆ ಪೂರ್ತಿ ಹಣ, ಕಳೆದರೆ 94 ರೂಪಾಯಿ. ಅಂಥವರು ಕಟ್ಟುವ 2,398 ರೂಪಾಯಿ ದುಂದುವೆಚ್ಚವಲ್ಲ. ವಿಮೆಯ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಕಳೆಯುವ ಸಂಭವ ಎಷ್ಟು’ ಎಂಬುದಲ್ಲ, ‘ಕಳೆದರೆ ತಡೆದುಕೊಳ್ಳುವ ಶಕ್ತಿ ಇದೆಯೇ’ ಎಂಬುದು.

ಶುಲ್ಕಕ್ಕೆ ಸಿಗುವುದು ಪರಿಹಾರದ ಭರವಸೆಯೊಂದೇ ಅಲ್ಲ, ಸಾಗಣೆಯ ಕ್ರಮವೇ ಬದಲಾಗುತ್ತದೆ. ವಿಮೆ ಮಾಡಿಸಿದ ವಸ್ತುವನ್ನು ಭದ್ರವಾಗಿ ಕಟ್ಟಿ, ಹೊಲಿಗೆ ಮತ್ತು ಅಂಚುಗಳ ಮೇಲೆ ಅರಗು ಹಾಕಿ, ಕಳಿಸುವವರ ಸ್ವಂತ ಗುರುತಿನ ಮುದ್ರೆ ಒತ್ತಬೇಕು; ಎಲ್ಲ ಕಡೆಯೂ ಒಂದೇ ಮುದ್ರೆ ಇರಬೇಕು. ಕೌಂಟರಿನಲ್ಲಿ ಅದರ ತೂಕವನ್ನು ಗ್ರಾಮಿನ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ಮುಂದೆ ಪ್ರತಿ ಹಂತದಲ್ಲಿ ಅದರ ಸಂಖ್ಯೆ ಪಟ್ಟಿಗೆ ಏರುತ್ತದೆ. ದಾರಿಯಲ್ಲಿ ಮುದ್ರೆ ಒಡೆದರೆ, ತೂಕ ಕಡಿಮೆಯಾದರೆ, ಯಾವ ಊರಿನಿಂದ ಯಾವ ಊರಿನ ನಡುವೆ ಹಾಗಾಯಿತು ಎಂದು ಪತ್ತೆ ಹಚ್ಚಬಹುದು. ವಿಮೆ ಎಂದು ಬರೆದರೆ ಕಳ್ಳನಿಗೆ ತಾವೇ ದಾರಿ ತೋರಿಸಿದಂತೆ ಎಂದು ವಾದಿಸುವ ಸಂಗ್ರಾಹಕರಿದ್ದಾರೆ. ಅವರ ಅಳುಕು ಅರ್ಥವಾಗುವಂಥದ್ದೇ. ಆದರೂ ಯಾರ ಲೆಕ್ಕಕ್ಕೂ ಸಿಗದ ಲಕೋಟೆಗಿಂತ ಪ್ರತಿ ಕೈಯ ಲೆಕ್ಕಕ್ಕೂ ಸಿಗುವ ಲಕೋಟೆಯನ್ನು ಮುಟ್ಟುವುದು ಕಷ್ಟ.

ಕೆಲವು ವಸ್ತುಗಳ ವಿಷಯದಲ್ಲಿ ಈ ಚರ್ಚೆಗೆ ಜಾಗವೇ ಇಲ್ಲ. ಚಾಲ್ತಿಯ ಕರೆನ್ಸಿ ನೋಟು, ಚಿನ್ನದ ನಾಣ್ಯ, ಚಿನ್ನದ ಗಟ್ಟಿ ಇವನ್ನು ದೇಶದೊಳಗೆ ಅಂಚೆಯಲ್ಲಿ ಕಳಿಸುವುದಾದರೆ ವಿಮೆ ಕಡ್ಡಾಯ ಎಂಬುದು ಅಂಚೆಯ ಹಳೆಯ ನಿಯಮ. ವಿಜಯನಗರದ ಚಿನ್ನದ ವರಾಹವನ್ನು ಹತ್ತಿಯಲ್ಲಿ ಸುತ್ತಿ, ಪುಸ್ತಕದ ನಡುವೆ ಬಚ್ಚಿಟ್ಟು, ಸಾದಾ ಪಾರ್ಸಲ್ಲಿನಲ್ಲಿ ಕಳಿಸುವವರು ಜಾಣತನ ಮಾಡಿದೆವು ಎಂದುಕೊಂಡಿರುತ್ತಾರೆ. ಅದು ನಿಯಮದ ಉಲ್ಲಂಘನೆ, ಕಳೆದರೆ ದೂರು ಕೊಡಲೂ ಬಾಯಿ ಇರುವುದಿಲ್ಲ.

ಖಾಸಗಿ ಕೊರಿಯರ್ ಮೇಲು ಎಂಬ ಭಾವನೆಯೂ ಇದೆ. ತಿರುಪ್ಪೂರಿನ ಭಾರತಿ ನಿಟಿಂಗ್ ಕಂಪನಿ 1990ರಲ್ಲಿ ಡಿಎಚ್‌ಎಲ್ ಮೂಲಕ ಜರ್ಮನಿಗೆ ಕಳಿಸಿದ ದಾಖಲೆಗಳ ಲಕೋಟೆ ತಲುಪಲಿಲ್ಲ. ಅದರಿಂದಾದ ನಷ್ಟವನ್ನು ಕಂಪನಿ ಕೇಳಿತು. ಕೊರಿಯರ್ ರಸೀದಿಯ ಷರತ್ತಿನಲ್ಲಿ ಹೊಣೆ 100 ಡಾಲರಿಗೆ ಸೀಮಿತ ಎಂದು ಬರೆದಿತ್ತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಸಹಿ ಮಾಡಿದವರು ಷರತ್ತಿಗೆ ಬದ್ಧರು ಎಂದು 1996ರಲ್ಲಿ ತೀರ್ಪಾಯಿತು. ಸಿಕ್ಕಿದ್ದು 100 ಡಾಲರೇ. ರಸೀದಿಯ ಹಿಂಬದಿಯ ಸಣ್ಣಕ್ಷರ ಓದುವುದು ಬೇಸರದ ಕೆಲಸ, ಆದರೆ ನ್ಯಾಯಾಲಯ ಓದುವುದು ಅದನ್ನೇ. ಮೇಲಾಗಿ, ನಾಣ್ಯ, ಆಭರಣ, ಪುರಾತನ ವಸ್ತುಗಳನ್ನು ಒಯ್ಯುವುದೇ ಇಲ್ಲವೆಂದು ಹಲವು ಕೊರಿಯರ್ ಕಂಪನಿಗಳ ಷರತ್ತು ಹೇಳುತ್ತದೆ. ಅದನ್ನು ಮುಚ್ಚಿಟ್ಟು ‘ಪುಸ್ತಕ’ ಎಂದು ಬರೆಸಿದರೆ ಆ 100 ಡಾಲರಿನಷ್ಟು ಹಕ್ಕೂ ಉಳಿಯದು.

ಒಂದು ಲಕ್ಷದ ಮಿತಿ ದಾಟಿದ ವಸ್ತುಗಳ ಮಾತೇ ಬೇರೆ. 1948ರಲ್ಲಿ ಗಾಂಧೀಜಿ ಚಿತ್ರದ 10 ರೂಪಾಯಿ ಅಂಚೆಚೀಟಿಯ ಮೇಲೆ ಗವರ್ನರ್ ಜನರಲ್ ಕಚೇರಿಯ ಬಳಕೆಗೆಂದು ‘ಸರ್ವಿಸ್’ ಎಂದು ಮುದ್ರಿಸಿದ ಚೀಟಿಗಳು ಬಂದದ್ದು 100 ಮಾತ್ರ. ಅವುಗಳಲ್ಲಿ ನಾಲ್ಕು ಒಟ್ಟಿಗಿರುವ ಪಟ್ಟಿಯನ್ನು ಲಂಡನ್ನಿನ ಸ್ಟ್ಯಾನ್ಲಿ ಗಿಬ್ಬನ್ಸ್ ಸಂಸ್ಥೆ 2017ರಲ್ಲಿ 5 ಲಕ್ಷ ಪೌಂಡಿಗೆ ಮಾರಿತು. ಇಂಥವು ಅಂಚೆಯ ವಿಮೆಗೆ ಒಗ್ಗುವುದಿಲ್ಲ. ಸಾಮಾನ್ಯ ವಿಮಾ ಕಂಪನಿಗಳ ಸರಕು ಸಾಗಣೆ ಪಾಲಿಸಿಯನ್ನು ಆಗ ನೋಡಬೇಕು. ದೇಶದೊಳಗಿನ ಸಾಗಣೆಗೆ ‘ಎ’, ‘ಬಿ’, ‘ಸಿ’ ಎಂಬ ಮೂರು ಬಗೆಯ ಷರತ್ತುಗಳಿವೆ. ‘ಎ’ಯಲ್ಲಿ ಹೊರತುಪಡಿಸಿದ್ದನ್ನು ಬಿಟ್ಟು ಎಲ್ಲ ಅಪಾಯ ಬರುತ್ತದೆ, ಉಳಿದವುಗಳಲ್ಲಿ ಹೆಸರಿಸಿದ ಅಪಾಯ ಮಾತ್ರ, ಕಳವು ಅದರಲ್ಲಿ ಸೇರದಿರಬಹುದು. ಸಂಗ್ರಹ ವಸ್ತುವಿಗೆ ‘ಎ’ಗಿಂತ ಕಡಿಮೆಯದು ಉಪಯೋಗವಿಲ್ಲ. ಬೆಲೆಯನ್ನು ಮೊದಲೇ ಎರಡೂ ಕಡೆಯವರು ಒಪ್ಪಿ ಪಾಲಿಸಿಯಲ್ಲಿ ಬರೆಸುವುದು ಕ್ಷೇಮ, ಏಕೆಂದರೆ ಅಪರೂಪದ ವಸ್ತುವಿಗೆ ಪೇಟೆಯ ಧಾರಣೆ ಎಂಬುದು ಸುಲಭವಾಗಿ ಸಿಗುವುದಿಲ್ಲ.

ಈ ಬೆಲೆಯ ಪ್ರಶ್ನೆಯಲ್ಲೇ ಬಹಳಷ್ಟು ಪರಿಹಾರದ ಅರ್ಜಿಗಳು ಎಡವುತ್ತವೆ. ವಿಮೆಯ ಮೂಲ ತತ್ವ ನಷ್ಟ ತುಂಬಿಕೊಡುವುದು, ಲಾಭ ಮಾಡಿಕೊಡುವುದಲ್ಲ. 8,000 ರೂಪಾಯಿಯ ನಾಣ್ಯಕ್ಕೆ 50,000 ಎಂದು ಬರೆಸಿ ಶುಲ್ಕ ಕಟ್ಟಿದರೂ ಸಿಗುವುದು 8,000. ಹೆಚ್ಚು ಕಟ್ಟಿದ ಶುಲ್ಕ ನೀರಿನಲ್ಲಿ ಹೋಮ. 50,000ದ ವಸ್ತುವಿಗೆ 8,000 ಎಂದು ಬರೆಸಿದರೆ 8,000ವೇ ಮೇಲ್ಮಿತಿ. ‘ಅಜ್ಜನ ನೆನಪು’ ಎಂಬುದಕ್ಕೆ ಲೆಕ್ಕದಲ್ಲಿ ಸ್ಥಾನವಿಲ್ಲ. ಹಾಗಾಗಿ ಅಂಚೆಗೆ ಹಾಕುವ ಮುನ್ನವೇ ಬೆಲೆಯ ಪುರಾವೆ ಕೈಯಲ್ಲಿರಬೇಕು: ಕೊಂಡ ಬಿಲ್ಲು, ಅದೇ ತರಹದ ವಸ್ತು ಹರಾಜಿನಲ್ಲಿ ಹೋದ ಬೆಲೆಯ ಮುದ್ರಿತ ದಾಖಲೆ, ನಾಣ್ಯದ ಎರಡೂ ಮುಖದ ಫೋಟೊ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದ ತೂಕ, ಅಂಚೆಚೀಟಿಯಾದರೆ ತಜ್ಞರ ಪ್ರಮಾಣಪತ್ರ. ಟ್ರಂಕಿನಲ್ಲಿ ಸಿಕ್ಕ ವಸ್ತುವಿಗೆ ಬಿಲ್ಲು ಎಲ್ಲಿಂದ ಬರಬೇಕು? ಕೊಳ್ಳುವವರು ಒಪ್ಪಿದ ಬೆಲೆಯನ್ನು ಬರಹದಲ್ಲಿ ಪಡೆಯುವುದು ಆಗ ಉಳಿದಿರುವ ಉತ್ತಮ ದಾರಿ. ಫೋನಿನಲ್ಲಿ ಮಾತಾಡಿ ಕುದುರಿಸಿದ ಬೆಲೆಯನ್ನು ಒಂದು ಸಂದೇಶದಲ್ಲಾದರೂ ಬರೆಸಿಕೊಳ್ಳಬೇಕು.

ವಿಮೆಯ ಖರ್ಚು ಯಾರದು, ಕಳೆದರೆ ನಷ್ಟ ಯಾರದು? ಮಾರುವವರಿಗೂ ಕೊಳ್ಳುವವರಿಗೂ ಇದು ಗೊತ್ತಿರುವುದು ಅಪರೂಪ. 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಮಿನಂತೆ, ಒಪ್ಪಂದದ ಪ್ರಕಾರ ಮಾರುವವರು ಸಾಗಿಸುವವರ ಕೈಗೆ ಸರಕು ಕೊಟ್ಟರೆ, ಬೇರೆ ಮಾತು ಆಗಿರದಿದ್ದಲ್ಲಿ, ಕೊಳ್ಳುವವರಿಗೇ ಕೊಟ್ಟಂತೆ. ಮೊದಲೇ ಹಣ ಕಳಿಸಿ, ‘ಸಾದಾ ಅಂಚೆಯಲ್ಲೇ ಕಳಿಸಿಬಿಡಿ’ ಎಂದ ಕೊಳ್ಳುವವರು ದಾರಿಯ ಅಪಾಯವನ್ನು ತಮ್ಮ ಮೇಲೇ ಹಾಕಿಕೊಂಡಂತಾಗುತ್ತದೆ. ಆದರೆ ಅದೇ ಕಲಮು ಮಾರುವವರಿಗೂ ಒಂದು ಕರ್ತವ್ಯ ಹಾಕಿದೆ: ಸರಕಿನ ಸ್ವರೂಪ ನೋಡಿ ತಕ್ಕ ರೀತಿಯಲ್ಲಿ ಸಾಗಣೆಯ ಏರ್ಪಾಡು ಮಾಡಬೇಕು. ಬೆಲೆಬಾಳುವ ನಾಣ್ಯವನ್ನು ಸಾದಾ ಲಕೋಟೆಗೆ ತುರುಕಿ ಕಳಿಸಿದವರು ಆ ಕರ್ತವ್ಯ ಮಾಡಿದರೆಂದು ಹೇಳುವುದು ಕಷ್ಟ. ಅಂಚೆಯಲ್ಲಿ ಪರಿಹಾರ ಸಾಮಾನ್ಯವಾಗಿ ಸಿಗುವುದು ಕಳಿಸಿದವರಿಗೆ. ಹಾಗಾಗಿ ಆ ಹಣವನ್ನು ಕೊಂಡವರಿಗೆ ಹಿಂತಿರುಗಿಸುವ ಮಾತೂ ಮೊದಲೇ ಬರಹದಲ್ಲಿ ಇರಬೇಕು.

ಈ ಸೀಮೆಗೆ ಸೇರಿದ ಇನ್ನೊಂದು ಅಪಾಯ ನೀರಿನದು. 2005, 2019, 2021ರ ಮಳೆಗಾಲಗಳಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ, ರಾಯಬಾಗ ತಾಲೂಕುಗಳ ಸೇತುವೆಗಳು ಮುಳುಗಿದವು. 2019ರ ಆಗಸ್ಟಿನಲ್ಲಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯೇ ಬಂದ್ ಆಗಿತ್ತು. ಲೋಹದ ನಾಣ್ಯ ನೆನೆದರೆ ಒರೆಸಿಕೊಳ್ಳಬಹುದು. ಅಂಟು ಹಾಗೇ ಉಳಿದ ಹಳೆಯ ಅಂಚೆಚೀಟಿ, ಮನೋಹರ ಗ್ರಂಥಮಾಲೆಯ ಆರಂಭದ ವರ್ಷಗಳ ಪುಸ್ತಕದ ಮೊದಲ ಮುದ್ರಣ, ಸಂಸ್ಥಾನದ ಕಾಗದಪತ್ರ ಒಮ್ಮೆ ನೆನೆದರೆ ಸಂಗ್ರಾಹಕರ ಪಾಲಿಗೆ ಸತ್ತಂತೆಯೇ. ಕಾಗದದ ವಸ್ತುಗಳನ್ನು ಜುಲೈ, ಆಗಸ್ಟಿನಲ್ಲಿ ಇಲ್ಲಿಂದ ಕಳಿಸದಿರುವುದು ಯಾವ ವಿಮೆಗಿಂತಲೂ ಅಗ್ಗದ ರಕ್ಷಣೆ. ಕಳಿಸಲೇಬೇಕಾದರೆ ನೀರು ತಾಗದ ಪ್ಲಾಸ್ಟಿಕ್ ಹೊದಿಕೆ ಎರಡು ಪದರ ಇರಲಿ. ಪಾಲಿಸಿಯಲ್ಲಿ ನೆರೆಯ ಹಾನಿ ಸೇರಿದೆಯೇ ಎಂದು ಕೇಳಿಕೊಳ್ಳಬೇಕು.

ಕಾನೂನು ಅಡ್ಡ ಬರುವ ಕಡೆ ವಿಮೆಯೂ ಕೈಬಿಡುತ್ತದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷಕ್ಕಿಂತ ಹಳೆಯ ನಾಣ್ಯ, ಶಿಲ್ಪ, ಕಲಾವಸ್ತುಗಳನ್ನೂ 75 ವರ್ಷ ದಾಟಿದ, ಐತಿಹಾಸಿಕ ಅಥವಾ ಸಾಹಿತ್ಯಿಕ ಮಹತ್ವದ ಹಸ್ತಪ್ರತಿಗಳನ್ನೂ ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗನಿಗೆ ಮನೆತನದ ಆದಿಲಶಾಹಿ ನಾಣ್ಯ ಕಳಿಸಬೇಕೆಂಬ ತಂದೆಯ ಆಸೆ ಎಷ್ಟೇ ಸಹಜವಾದರೂ ಆ ಪಾರ್ಸಲ್ ಕಸ್ಟಮ್ಸಿನಲ್ಲಿ ನಿಲ್ಲುತ್ತದೆ, ಜಪ್ತಿಯಾಗುತ್ತದೆ. ಜಪ್ತಿಯಾದದ್ದಕ್ಕೆ ಪರಿಹಾರವಿಲ್ಲ. ಹೊಲ ಉಳುವಾಗ, ಪಾಯ ತೋಡುವಾಗ ಸಿಕ್ಕ ನಿಧಿಯ ನಾಣ್ಯಗಳದ್ದೂ ಇದೇ ಕತೆ. ಅದನ್ನು ಸರ್ಕಾರಕ್ಕೆ ತಿಳಿಸಬೇಕೆಂದು ಕರ್ನಾಟಕದ ನಿಧಿ ಕಾಯ್ದೆ ಹೇಳುತ್ತದೆ. ತಿಳಿಸದೆ ಮಾರಲು ಹೊರಟವರು ಮೊದಲು ಕೇಳಬೇಕಾದ ಪ್ರಶ್ನೆ ವಿಮೆಯದ್ದಲ್ಲ.

ಇನ್ನು ತಾಳೆಗರಿಯ ಕಟ್ಟು, ಒಂದೇ ಪ್ರತಿ ಉಳಿದಿರುವ ಕೈಬರಹದ ವಹಿ, ಊರಿನ ಇತಿಹಾಸಕ್ಕೆ ಸಾಕ್ಷಿಯಾದ ಸನದು. ಇವನ್ನು ವಿಮೆ ಮಾಡಿಸಿಯೂ ಅಂಚೆಗೆ ಹಾಕಬಾರದು. ವಿಮೆ ಹಣ ತಂದುಕೊಡಬಲ್ಲದು, ಆ ಹಣಕ್ಕೆ ಎರಡನೆಯ ಪ್ರತಿ ಯಾವ ಪೇಟೆಯಲ್ಲೂ ಸಿಗುವುದಿಲ್ಲ. ಓದುವವರಿಗೆ ಸ್ಕ್ಯಾನ್ ಪ್ರತಿ ಸಾಕು. ಮೂಲವೇ ಹೋಗಬೇಕಾದರೆ ಮನೆಯವರೊಬ್ಬರು ಕೈಚೀಲದಲ್ಲಿಟ್ಟುಕೊಂಡು ರಾಯಬಾಗದಲ್ಲೋ ಕುಡಚಿಯಲ್ಲೋ ರೈಲು ಹತ್ತಲಿ. ಟಿಕೆಟ್ಟಿನ ದುಡ್ಡು ಒಂದು ಲಕ್ಷದ ವಿಮೆಯ ಶುಲ್ಕಕ್ಕಿಂತ ಕಡಿಮೆಯೇ ಆದೀತು.

ನೂರು, ಇನ್ನೂರು ರೂಪಾಯಿಯ ಚೀಟಿ, ಸಾಮಾನ್ಯ ನಾಣ್ಯಗಳಿಗೆ ಹೆಚ್ಚು ಯೋಚನೆ ಬೇಡ: ಸ್ಪೀಡ್ ಪೋಸ್ಟ್, ಒಟಿಪಿ, ಒಳ್ಳೆಯ ಕಟ್ಟು, ಅಷ್ಟು ಸಾಕು. ಕೆಲವು ಸಾವಿರದಿಂದ ಒಂದು ಲಕ್ಷದವರೆಗಿನ ವಸ್ತು, ಬೆಲೆಗೆ ಪುರಾವೆ ಇದ್ದು, ಕಳೆದರೆ ಮನೆಗೆ ಪೆಟ್ಟು ಬೀಳುವಂತಿದ್ದರೆ ವಿಮೆ ಮಾಡಿಸಲೇಬೇಕು. ಪುರಾವೆ ಇಲ್ಲದಿದ್ದರೆ ಮೊದಲು ಪುರಾವೆ ಕೂಡಿಸಿ, ಆಮೇಲೆ ಕೌಂಟರಿಗೆ ಹೋಗುವುದು ಸರಿ.

ಪಾರ್ಸಲ್ ತಲುಪಿದ ಮೇಲೂ ಒಂದು ಹೆಜ್ಜೆ ಉಳಿದಿರುತ್ತದೆ, ಅದು ಪಡೆಯುವವರದು. ವಿಮೆಯ ವಸ್ತು ಬಂದಾಗ ಸಹಿ ಹಾಕುವ ಮೊದಲು ಅರಗಿನ ಮುದ್ರೆ ನೋಡಬೇಕು, ಹೊಲಿಗೆ ನೋಡಬೇಕು, ಮೇಲೆ ಬರೆದ ತೂಕಕ್ಕೂ ಈಗಿನ ತೂಕಕ್ಕೂ ತಾಳೆ ನೋಡಿಸಬೇಕು. ವ್ಯತ್ಯಾಸ ಕಂಡರೆ ಮನೆಗೆ ಒಯ್ಯದೆ, ಅಂಚೆ ಕಚೇರಿಯಲ್ಲೇ ಪೋಸ್ಟ್ ಮಾಸ್ತರರ ಎದುರಿಗೆ ತೆರೆದು ಕೊಡುವಂತೆ ಕೇಳಬೇಕು. ಒಳಗಿದ್ದದ್ದರ ಪಟ್ಟಿ ಅಲ್ಲೇ ಬರೆದು, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಕೈಗೆ ತೆಗೆದುಕೊಳ್ಳಬೇಕು. ಮುಂದೆ ಪರಿಹಾರದ ಅರ್ಜಿಯ ಜೊತೆ ಕಳಿಸಿದವರ ರಸೀದಿಯಷ್ಟೇ ಮುಖ್ಯವಾಗಿ ಲಗತ್ತಿಸಬೇಕಾದ ಕಾಗದ ಅದು.